ರಜತ ಕಮಲ ಬಂತು, ಪಿಚ್ಚರ್ ಬರಲಿಲ್ಲ

ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಘೋಷಣೆಯಾದ ದಿನ ನಮ್ಮ ತಂಬ್ರಹಳ್ಳಿಯ ಚಹಾದಂಗಡಿಯಲ್ಲೂ ಅದೇ ಮಾತು. 2024ರ ಆಗಸ್ಟ್‌ನಲ್ಲಿ 70ನೇ ಪ್ರಶಸ್ತಿಗಳು ಬಂದಾಗಲಂತೂ ಕೇಳಬೇಡ್ರಿ. ‘ಕಾಂತಾರ’ದ ರಿಷಬ್ ಶೆಟ್ಟಿ ಶ್ರೇಷ್ಠ ನಟ, ‘ಕೆಜಿಎಫ್ 2’ ಕನ್ನಡದ ಶ್ರೇಷ್ಠ ಚಿತ್ರ. ಎರಡೂ ಎಲ್ಲರೂ ನೋಡಿದ ಸಿನಿಮಾಗಳು, ಹಂಗಾಗಿ ಎಲ್ಲರಿಗೂ ಖುಷಿ. ರಿಷಬ್‌ಗೆ ಕೊಟ್ಟದ್ದು ಸರಿಯೇ. ಕ್ಲೈಮ್ಯಾಕ್ಸಿನಲ್ಲಿ ಆ ಮನುಷ್ಯ ನಟನೆ ದಾಟಿ ಬೇರೆಲ್ಲಿಗೋ ಹೋಗಿಬಿಡ್ತಾರೆ. ‘ಕೆಜಿಎಫ್ 2’ರ ಹೊಡೆದಾಟಕ್ಕೆ ಸಿಕ್ಕ ಸಾಹಸ ನಿರ್ದೇಶನದ ಪ್ರಶಸ್ತಿಯೂ ನ್ಯಾಯವಾದದ್ದೇ. ಆದರೆ ಒಂದು ಭಾಷೆಗೆ ವರ್ಷಕ್ಕೆ ಒಂದೇ ‘ಶ್ರೇಷ್ಠ ಚಿತ್ರ’ ಇರುವಾಗ, ದೇಶವೇ ಟಿಕೆಟ್ ಕೊಂಡು ನೋಡಿದ್ದಕ್ಕೆ ಅದನ್ನೂ ಕೊಡೋದು ಅಂದರೆ ಹಸಿದವನ ತಾಟಿನ ರೊಟ್ಟಿ ಎತ್ತಿ ಉಂಡವನಿಗೆ ಬಡಿಸಿದಂಗೆ.

ಇಷ್ಟು ಕಟುವಾಗಿ ಹೇಳೋದಕ್ಕೆ ನಮ್ಮ ಸೀಮೆಯದೇ ಕಾರಣ ಐತಿ. ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಎರಡು ಕಥೆಗಳು ಸಿನಿಮಾ ಆಗಿ ಈ ಪ್ರಶಸ್ತಿ ತಂದಿವೆ. ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಕೊಟ್ರೇಶಿ ಕನಸು’ 1994ರ ಸಾಲಿಗೆ ಕನ್ನಡದ ಶ್ರೇಷ್ಠ ಚಿತ್ರವಾಯಿತು. ಅದರ ಹುಡುಗ ವಿಜಯ ರಾಘವೇಂದ್ರ ಶ್ರೇಷ್ಠ ಬಾಲನಟನಾದ. 2011ರ ಸಾಲಿಗೆ ಗಿರೀಶ್ ಕಾಸರವಳ್ಳಿಯವರ ‘ಕೂರ್ಮಾವತಾರ’. ಕೊಟ್ಟೂರೇಶ್ವರನ ಹೆಸರು ಹೊತ್ತ ಕೊಟ್ರೇಶಿಗಳು ನಮ್ಮಲ್ಲಿ ಓಣಿಗೊಬ್ಬರಿದ್ದಾರೆ. ಓದಬೇಕೆನ್ನುವ ದಲಿತ ಹುಡುಗನ ಆ ಕಥೆಯನ್ನು ದಿಲ್ಲಿಯ ತೀರ್ಪುಗಾರರು ನೋಡಿದರು, ಮೆಚ್ಚಿದರು. ನಮ್ಮ ಹೈಸ್ಕೂಲ್ ಹುಡುಗರಲ್ಲಿ ಅದನ್ನು ನೋಡಿದವರು ನನಗಿನ್ನೂ ಸಿಕ್ಕಿಲ್ಲ.

‘ಕೂರ್ಮಾವತಾರ’ದ್ದು ಇನ್ನೂ ವಿಚಿತ್ರ. ನಿವೃತ್ತಿಯ ಅಂಚಿನಲ್ಲಿರುವ ಸರ್ಕಾರಿ ನೌಕರನೊಬ್ಬ ನೋಡಲು ಗಾಂಧಿಯಂತಿದ್ದಾನೆ ಅಂತ ಧಾರಾವಾಹಿಯಲ್ಲಿ ಪಾತ್ರ ಕೊಡ್ತಾರೆ. ಆಮೇಲೆ ಜನ ಅವನನ್ನೇ ಗಾಂಧಿ ಅಂದುಕೊಂಡು ಹಿಂದೆ ಬೀಳ್ತಾರೆ. ಶಿಕಾರಿಪುರ ಕೃಷ್ಣಮೂರ್ತಿಯವರು ಎಲ್ಲೂ ಗಾಂಧಿಯಾಗಲು ಹೋಗೋದಿಲ್ಲ, ಗಾಂಧಿಯ ಭಾರ ಹೊರಲಾರದ ಗುಮಾಸ್ತನಾಗಿಯೇ ಉಳೀತಾರೆ. ಆ ಹಿಂಜರಿಕೆಯೇ ಚಿತ್ರದ ಜೀವ. ಇಂಥದ್ದನ್ನು ನಾನು ನೋಡಿದ್ದು ಗೆಳೆಯನ ಪೆನ್‌ಡ್ರೈವ್‌ನಿಂದ, ಹಗರಿಬೊಮ್ಮನಹಳ್ಳಿಯ ಟಾಕೀಸಿನಲ್ಲಲ್ಲ.

ಹಿಂದೆ ಹಿಂಗಿರಲಿಲ್ಲ ನೋಡ್ರಿ. ದೂರದರ್ಶನ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಚಿತ್ರ ಹಾಕ್ತಿತ್ತು, ಅದರಲ್ಲಿ ಪ್ರಶಸ್ತಿ ಬಂದವೇ ಹೆಚ್ಚು. ಬಂಗಾಳಿ, ಮಲಯಾಳದ ಚಿತ್ರ ಬಂದಾಗ ಅರ್ಧ ಜನ ಎದ್ದು ಹೊಲಕ್ಕೆ ಹೋಗ್ತಿದ್ದರು, ಸುಳ್ಳೇಕೆ ಹೇಳಲಿ. ಕನ್ನಡದ್ದು ಬಂದರೆ ಟಿವಿ ಇದ್ದ ಮನೆಯ ಪಡಸಾಲೆ ತುಂಬ್ತಿತ್ತು. 1986ರ ಸಾಲಿನ ಸ್ವರ್ಣ ಕಮಲ ಪಡೆದ ‘ತಬರನ ಕಥೆ’ಯನ್ನು ನಾನು ಕಂಡದ್ದು ಹಂಗೆ. ಪಿಂಚಣಿಗಾಗಿ ಕಚೇರಿ ಕಂಬ ಸುತ್ತುವ ತಬರನನ್ನು ಯಾರೂ ನಮಗೆ ವಿವರಿಸಬೇಕಿರಲಿಲ್ಲ. ಅಂಥವರು ಅದೇ ಪಡಸಾಲೆಯಲ್ಲಿ ಕೂತಿದ್ದರು. ಆ ಪಾತ್ರಕ್ಕೆ ಚಾರುಹಾಸನ್‌ಗೆ ಶ್ರೇಷ್ಠ ನಟ ಪ್ರಶಸ್ತಿ ಬಂದಿತ್ತು ಅಂತ ಎಷ್ಟೋ ವರ್ಷದ ಮೇಲೆ ಗೊತ್ತಾಯ್ತು. ಆಗ ಪ್ರಶಸ್ತಿಗೆ ಕಾಲಿದ್ದವು, ನಡೆದು ಊರಿಗೆ ಬರ್ತಿತ್ತು. ಈಗ ಅದು ವಿಜ್ಞಾನ ಭವನದಲ್ಲಿ ಫೋಟೋ ಹೊಡೆಸಿಕೊಂಡು ಶೋಕೇಸಿಗೆ ಹೋಗ್ತದೆ.

2018ರ ಮೇ 3ರ ಗಲಾಟೆ ನೆನಪಿರಬಹುದು. ರಾಷ್ಟ್ರಪತಿಗಳು 11 ಜನರಿಗಷ್ಟೇ ತಮ್ಮ ಕೈಯಾರೆ ಕೊಟ್ಟರು. 50ಕ್ಕೂ ಹೆಚ್ಚು ಮಂದಿ ಸಮಾರಂಭಕ್ಕೇ ಹೋಗಲಿಲ್ಲ. ಅವರ ಸಿಟ್ಟು ಅರ್ಥವಾಗ್ತದೆ. ಆದರೆ ಯಾರ ಕೈಯಿಂದ ಬಂತು ಅಂತ ಎದ್ದ ಕೂಗು, ಯಾರ ಕಣ್ಣಿಗೆ ಬಿತ್ತು ಅಂತ ಎಂದಾದರೂ ಎದ್ದಿದೆಯಾ?

‘ತಿಥಿ’ ಓಡಲಿಲ್ಲವೇ ಅಂತ ಕೇಳ್ತೀರಿ. ಓಡಿತು, ಮಂಡ್ಯದ ಸೆಂಚುರಿ ಗೌಡನನ್ನು ಜನ ಹೆಗಲ ಮೇಲೆ ಹೊತ್ತರು. ಆದರೆ ಅದು ಪ್ರಶಸ್ತಿಯ ಬಲದಿಂದಲ್ಲ, ಬಾಯಿಂದ ಬಾಯಿಗೆ ಹರಡಿದ್ದರಿಂದ.

70ನೇ ಸಾಲಿನಿಂದ ರಜತ ಕಮಲದ ಮೊತ್ತ 2 ಲಕ್ಷ, ಸ್ವರ್ಣ ಕಮಲದ್ದು 3 ಲಕ್ಷ ಆಗಿದೆ. ಒಳ್ಳೇದು. ಅದರ ಜೊತೆಗೆ ಒಂದು ಕರಾರನ್ನೂ ಹಾಕಲಿ: ಪ್ರಶಸ್ತಿ ಕೊಟ್ಟ ಸರ್ಕಾರವೇ ಆ ವರ್ಷದೊಳಗೆ ಚಿತ್ರವನ್ನು ಆ ಭಾಷೆಯ ತಾಲ್ಲೂಕುಗಳಲ್ಲಿ ಪುಕ್ಕಟೆ ತೋರಿಸಬೇಕು. ಟಾಕೀಸೇ ಬೇಕಂತಿಲ್ಲ, ಶಾಲೆಯ ಗೋಡೆ, ಒಂದು ಪ್ರೊಜೆಕ್ಟರ್ ಸಾಕು. ನಮ್ಮ ಭಾಗದಲ್ಲಿ ಶುರು ಮಾಡೋದಾದರೆ ಹಳೇ ಬಾಕಿಯಿಂದ ಮಾಡ್ರಿ, ಮೊದಲು ‘ಕೊಟ್ರೇಶಿ ಕನಸು’ ಹಾಕ್ರಿ.