ವೊನೋರಿನ ಪುಟ್ಟ ಮ್ಯೂಸಿಯಂ: ಚೆರೋಕಿ ಚರಿತ್ರೆ ನೋಡಹೋಗುವವರಿಗೆ

ಅಟ್ಲಾಂಟಾ, ಶಾರ್ಲಟ್, ನ್ಯಾಶ್‌ವಿಲ್ ಕಡೆಯ ಕನ್ನಡ ಕುಟುಂಬಗಳಿಗೆ ಸ್ಮೋಕಿ ಬೆಟ್ಟ ಹೊಸದಲ್ಲ. ಊರಿನಿಂದ ಅಪ್ಪ-ಅಮ್ಮ ಬಂದರೆ ಅಲ್ಲಿಗೊಂದು ಪ್ರವಾಸ ಇದ್ದದ್ದೇ. ಎಲೆ ಕೆಂಪಾಗುವ ಅಕ್ಟೋಬರಿನಲ್ಲಂತೂ ಕುವೋಹಿ ಶಿಖರದ ಹತ್ತಿರ ಕಾರು ನಿಲ್ಲಿಸಲು ಪರದಾಡಬೇಕು. ಆ ಶಿಖರಕ್ಕೆ ಮೂಲನಿವಾಸಿ ಚೆರೋಕಿಗಳು ಕೊಟ್ಟಿದ್ದ ಹೆಸರು ಅಧಿಕೃತವಾಗಿ ಮರಳಿದ್ದು 2024ರಲ್ಲಿ. ಅಲ್ಲಿಯವರೆಗೆ ಅದು ಕ್ಲಿಂಗ್‌ಮನ್ಸ್ ಡೋಮ್ ಆಗಿತ್ತು. ಹೆಸರು ಏಕೆ ಬದಲಾಯಿತು, ಈ ಬೆಟ್ಟ ಯಾರದು ಎಂಬ ಪ್ರಶ್ನೆ ಮನಸ್ಸಿಗೆ ಬಂದವರು ಗಾಡಿಯನ್ನು ಪಶ್ಚಿಮಕ್ಕೆ ತಿರುಗಿಸಿ ಟೆನೆಸ್ಸಿಯ ವೊನೋರ್ ಎಂಬ ಸಣ್ಣ ಊರಿಗೆ ಹೋಗಬೇಕು. ಅಲ್ಲಿ ಟೆಲಿಕೋ ಜಲಾಶಯದ ದಡದಲ್ಲಿ ಸೆಕ್ವೋಯಾ ಜನ್ಮಸ್ಥಳ ಮ್ಯೂಸಿಯಂ ಇದೆ. 1986ರಲ್ಲಿ ತೆರೆದ ಇದು ಚೆರೋಕಿ ಜನರ ಪೂರ್ವ ಶಾಖೆಯವರದೇ ಸ್ವತ್ತು, ಅವರೇ ನಡೆಸುತ್ತಾರೆ.

ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ನೋಡಿದ ಕಣ್ಣಿಗೆ ಇದು ಬಹಳ ಚಿಕ್ಕದು. ಫಲಕಗಳನ್ನು ಓದುತ್ತಾ ಹೋದರೆ ಬೇಗನೆ ಮುಗಿದುಬಿಡುತ್ತದೆ, ‘ಇಷ್ಟೇನಾ’ ಎನ್ನಿಸಲೂಬಹುದು. ಹಾಗೆ ಅನ್ನಿಸಿದವರು ಒಳಗಿನದನ್ನು ಮಾತ್ರ ನೋಡಿರುತ್ತಾರೆ. ಇಂಥ ಮ್ಯೂಸಿಯಮ್ಮುಗಳ ವಿಷಯದಲ್ಲಿ ನನ್ನ ಮೊದಲ ಸಲಹೆ ಇದು: ಟಿಕೆಟ್ ಕೊಳ್ಳುವ ಮುಂಚೆ ಹೊರಗೆ ನಿಂತು ಸುತ್ತಲಿನ ನೆಲವನ್ನು ನೋಡಿ. ದೊಡ್ಡ ಮ್ಯೂಸಿಯಂ ವಸ್ತುಗಳನ್ನು ಎಲ್ಲೆಲ್ಲಿಂದಲೋ ತನ್ನಲ್ಲಿಗೆ ತಂದುಕೊಂಡಿರುತ್ತದೆ. ಚಿಕ್ಕದಕ್ಕೆ ಆ ಶಕ್ತಿ ಇಲ್ಲ, ಆದರೆ ಚರಿತ್ರೆ ನಡೆದ ಜಾಗದಲ್ಲೇ ಅದು ನಿಂತಿರುತ್ತದೆ.

ವೊನೋರಿನಲ್ಲಿ ಹಾಗೆ ನಿಂತರೆ ಕಾಣುವುದು ನೀರು. ದೋಣಿ ಬಿಡುವವರು, ಮೀನು ಹಿಡಿಯುವವರು ಬರುವ ಚೆಂದದ ಜಾಗ. ಆ ನೀರಿನಡಿ ಲಿಟ್ಲ್ ಟೆನೆಸ್ಸಿ ನದಿಯ ಕಣಿವೆಯಿದೆ; ಕಣಿವೆಯಲ್ಲಿ ಚೆರೋಕಿಗಳ ಹಳೆಯ ಊರುಗಳಿದ್ದವು. 1770ರ ಆಸುಪಾಸಿನಲ್ಲಿ ಚೆರೋಕಿ ಲಿಪಿ ಕಟ್ಟಿದ ಸೆಕ್ವೋಯಾ ಹುಟ್ಟಿದ ಟಸ್ಕೀಗಿ, ಹದಿನೆಂಟನೆಯ ಶತಮಾನದಲ್ಲಿ ಇಡೀ ಜನಾಂಗದ ರಾಜಧಾನಿಯಂತಿದ್ದ ಚೋಟಾ, ಟೆನೆಸ್ಸಿ ರಾಜ್ಯಕ್ಕೆ ಹೆಸರು ಕೊಟ್ಟ ತನಾಸಿ, ಎಲ್ಲವೂ ಇಲ್ಲೇ. 1819ರ ಒಪ್ಪಂದದಲ್ಲಿ ಈ ನೆಲ ಚೆರೋಕಿಗಳ ಕೈಬಿಟ್ಟಿತು. ಕಣ್ಣೀರಿನ ಹಾದಿ ಎಂದು ಹೆಸರಾದ 1838ರ ಬಲವಂತದ ಗಡೀಪಾರಿಗೆ ಹತ್ತೊಂಬತ್ತು ವರ್ಷ ಮೊದಲೇ ಅವರು ಇದನ್ನು ಕಳೆದುಕೊಂಡಿದ್ದರು. ಉಳಿದ ಕುರುಹುಗಳನ್ನು ಟೆಲಿಕೋ ಅಣೆಕಟ್ಟು ನುಂಗಿತು.

ಆ ಅಣೆಕಟ್ಟಿನ ಕತೆ ಅಮೆರಿಕದಲ್ಲಿ ಬಹಳ ಮಂದಿಗೆ ಗೊತ್ತು, ಆದರೆ ಒಂದು ಪುಟ್ಟ ಮೀನಿನ ಕತೆಯಾಗಿ. ಆಗ ಅಳಿವಿನಂಚಿನಲ್ಲಿದ್ದ ಸ್ನೇಲ್ ಡಾರ್ಟರ್ ಮೀನಿಗಾಗಿ 1978ರಲ್ಲಿ ಸುಪ್ರೀಂ ಕೋರ್ಟು ಕೆಲಸ ನಿಲ್ಲಿಸಿತು. ಮರುವರ್ಷ ಕಾಂಗ್ರೆಸ್ಸು ಈ ಯೋಜನೆಗೆ ಕಾನೂನಿನಿಂದ ವಿನಾಯಿತಿ ಕೊಟ್ಟಿತು. ಪೂರ್ವಜರ ಸಮಾಧಿಗಳು, ಪವಿತ್ರ ಸ್ಥಳಗಳು ಮುಳುಗುತ್ತವೆಂದು ಚೆರೋಕಿಗಳೂ 1979ರಲ್ಲಿ ದಾವೆ ಹೂಡಿದ್ದರು. ಆ ದಾವೆ ನಿಲ್ಲಲಿಲ್ಲ. ಅದೇ ನವೆಂಬರಿನಲ್ಲಿ ಗೇಟು ಇಳಿಸಿದರು. ಶರಾವತಿಯ, ಆಲಮಟ್ಟಿಯ ಹಿನ್ನೀರು ಕಂಡ ಓದುಗರಿಗೆ ಇದರ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮ್ಯೂಸಿಯಮ್ಮಿನ ಹತ್ತಿರವೇ ಹುಲ್ಲು ಬೆಳೆದ ಒಂದು ದಿಬ್ಬವಿದೆ. ಕಣಿವೆ ಮುಳುಗುವ ಮುನ್ನ ಪುರಾತತ್ವದವರು ಅಗೆದು ತೆಗೆದ 191 ಮಂದಿಯ ಅವಶೇಷಗಳನ್ನು ಇಲ್ಲಿ ಮರಳಿ ಮಣ್ಣು ಮಾಡಿದ್ದಾರೆ. ಅದು ಸಮಾಧಿ, ಪ್ರದರ್ಶನವಲ್ಲ. ಮೇಲೆ ಹತ್ತಬಾರದು, ಅದನ್ನು ಹಿಂದಿಟ್ಟುಕೊಂಡು ಸೆಲ್ಫಿ ತೆಗೆಯಬಾರದು. ಮಕ್ಕಳಿಗೆ ಇಲ್ಲೇ ಒಂದು ಮಾತು ಹೇಳಿ: ಅಮೆರಿಕದ ಎಷ್ಟೋ ಸಂಸ್ಥೆಗಳ ಉಗ್ರಾಣಗಳಲ್ಲಿ ಮೂಲನಿವಾಸಿಗಳ ಎಲುಬುಗಳು ಪೆಟ್ಟಿಗೆಯಲ್ಲೇ ಉಳಿದಿದ್ದವು, ಅವನ್ನು ವಾರಸುದಾರರಿಗೆ ಒಪ್ಪಿಸಬೇಕೆಂಬ ಕೇಂದ್ರ ಕಾನೂನು ಬಂದದ್ದು 1990ರಲ್ಲಿ. ಈ ದಿಬ್ಬ ಅದಕ್ಕಿಂತ ಹಳೆಯದು.

ಇನ್ನು ಒಳಗೆ. ಒಳಗಿನ ನಾಯಕ ಸೆಕ್ವೋಯಾ, ಬೆಳ್ಳಿ ಕೆಲಸದ ಅಕ್ಕಸಾಲಿಗ. ಇಂಗ್ಲಿಷ್ ಓದಲು ಬಾರದವನು. ಬಿಳಿಯರು ಕಾಗದದ ಮೇಲೆ ಮಾತು ಕಳಿಸಿಕೊಳ್ಳುವುದನ್ನು ಕಂಡು, ತನ್ನ ಭಾಷೆಗೂ ಅದು ಸಾಧ್ಯವೆಂದು ಹಟ ಹಿಡಿದವನು. ಮೊದಲು ಪದಕ್ಕೊಂದು ಗುರುತು ಮಾಡಲು ಹೋಗಿ ಕೈಬಿಟ್ಟ. ಆಮೇಲೆ ಮಾತನ್ನು ಉಚ್ಚಾರದ ತುಣುಕುಗಳಾಗಿ ಒಡೆದು, ತುಣುಕಿಗೊಂದು ಅಕ್ಷರ ಕೊಟ್ಟ. 1821ರ ಹೊತ್ತಿಗೆ ಲಿಪಿ ಸಿದ್ಧವಾಯಿತು. ಮಗಳು ಅಯೋಕಾಗೆ ಮೊದಲು ಕಲಿಸಿ, ಅವಳ ಮೂಲಕವೇ ಹಿರಿಯರನ್ನು ನಂಬಿಸಿದ. ಶಾಲೆಗಳ ಹಂಗಿಲ್ಲದೆ, ಮನೆಯಿಂದ ಮನೆಗೆ, ಕೆಲವೇ ವರ್ಷಗಳಲ್ಲಿ ಅಕ್ಷರ ಹಬ್ಬಿತು. ಓದು ಬರಹ ಗೊತ್ತಿಲ್ಲದ ಒಬ್ಬನೇ ಮನುಷ್ಯ ಇಡೀ ಭಾಷೆಗೆ ಲಿಪಿ ಕಟ್ಟಿದ ಉದಾಹರಣೆ ಜಗತ್ತಿನಲ್ಲೇ ವಿರಳ.

ಅಕ್ಷರಮಾಲೆಯ ಫಲಕದ ಮುಂದೆ ಕನ್ನಡಿಗರು ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ನಮಗೆ ಇದು ಇಂಗ್ಲಿಷಿನವರಿಗಿಂತ ಬೇಗ ಹೊಳೆಯುತ್ತದೆ. ಅಲ್ಲೂ ಸಾಲಿನಲ್ಲಿ ಸ್ವರಗಳು, ಕೆಳಗೆ ಗ, ಹ, ಲ, ಮ, ನ. ಆದರೆ ನಮ್ಮಲ್ಲಿ ‘ಮ’ಕ್ಕೆ ಗುಡಿಸು ಕೊಟ್ಟರೆ ‘ಮಿ’, ಕೊಂಬು ಕೊಟ್ಟರೆ ‘ಮು’. ಸೆಕ್ವೋಯಾನ ಲಿಪಿಯಲ್ಲಿ ಗುಣಿತವಿಲ್ಲ. ‘ಮ’, ‘ಮಿ’, ‘ಮು’ ಒಂದಕ್ಕೊಂದು ಹೋಲದ ಬೇರೆ ಬೇರೆ ಆಕಾರಗಳು. ಇಂದು ಬಳಕೆಯಲ್ಲಿರುವುವು 85. ಕೆಲವು ಇಂಗ್ಲಿಷ್ ಅಕ್ಷರಗಳಂತೆಯೇ ಕಾಣುತ್ತವೆ, ಉಚ್ಚಾರಕ್ಕೂ ಇಂಗ್ಲಿಷಿಗೂ ಸಂಬಂಧವಿಲ್ಲ. ‘ಡಿ’ಯಂತಿರುವುದು ‘ಅ’, ‘ಡಬ್ಲ್ಯೂ’ನಂತಿರುವುದು ‘ಲ’, ‘ಎಚ್’ನಂತಿರುವುದು ‘ಮಿ’. ಮಕ್ಕಳ ಹೆಸರನ್ನು ಈ ಅಕ್ಷರಗಳಲ್ಲಿ ಬರೆಯಿಸಿ ನೋಡಿ. ಚೆರೋಕಿಯಲ್ಲಿ ಪ, ಬ, ಫಗಳಿಲ್ಲ, ಹಾಗಾಗಿ ಪಲ್ಲವಿಗೂ ಭರತನಿಗೂ ಸ್ವಲ್ಪ ತೊಡಕಾದೀತು. ಒಂದು ಭಾಷೆಯ ನಾದ ಎಲ್ಲಿಂದ ಎಲ್ಲಿಯವರೆಗಿದೆ ಎಂಬುದು ಆ ತೊಡಕಿನಲ್ಲೇ ತಿಳಿಯುತ್ತದೆ.

ಈ ಲಿಪಿ ಏನು ಸಾಧಿಸಿತೆಂದು ಪೂರ್ತಿ ಕಾಣಲು ಜಾರ್ಜಿಯಾದ ಕ್ಯಾಲ್‌ಹೂನ್ ಬಳಿಯ ನ್ಯೂ ಎಕೋಟಾಕ್ಕೂ ಹೋಗಬೇಕು. ಅಟ್ಲಾಂಟಾದವರಿಗೆ ಅದು ಬೆಳಗ್ಗೆ ಹೋಗಿ ಸಂಜೆಗೆ ಬರುವಷ್ಟು ಹತ್ತಿರ. 1828ರ ಫೆಬ್ರವರಿ 21ರಂದು ‘ಚೆರೋಕಿ ಫೀನಿಕ್ಸ್’ ಪತ್ರಿಕೆಯ ಮೊದಲ ಸಂಚಿಕೆ ಅಲ್ಲಿ ಎರಡು ಭಾಷೆಗಳಲ್ಲಿ ಅಚ್ಚಾಯಿತು. ಅದರ ಸಂಪಾದಕ ಎಲಿಯಾಸ್ ಬೌಡಿನೋ. ಅದೇ ಊರಲ್ಲಿ 1835ರಲ್ಲಿ ಬೌಡಿನೋ ಮತ್ತು ಕೆಲವೇ ಮಂದಿ, ಚೆರೋಕಿ ರಾಷ್ಟ್ರದ ಒಪ್ಪಿಗೆಯಿಲ್ಲದೆ, ನೆಲ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿದರು. ಅದರ ಬಲದ ಮೇಲೆಯೇ ಸುಮಾರು 16,000 ಜನರನ್ನು ಪಶ್ಚಿಮಕ್ಕೆ ಅಟ್ಟಿದ್ದು. ಸತ್ತವರು ಸುಮಾರು 4,000 ಎಂಬುದು ರೂಢಿಯಲ್ಲಿರುವ ಅಂದಾಜು. 1839ರ ಜೂನಿನಲ್ಲಿ ಬೌಡಿನೋನನ್ನು ಅವನ ಜನರೇ ಕೊಂದರು. ಪುಟ್ಟ ಮ್ಯೂಸಿಯಂ ಇಂಥ ಕತೆಯನ್ನು ಹೇಗೆ ಹೇಳುತ್ತದೆಂದು ಗಮನಿಸಿ. ಅವನನ್ನು ಬರೀ ದ್ರೋಹಿ ಮಾಡುತ್ತದೆಯೇ, ಬೇರೆ ದಾರಿ ಕಾಣದೆ ಸಹಿ ಹಾಕಿದವನೆಂದೂ ಕೇಳಿಸಿಕೊಳ್ಳುತ್ತದೆಯೇ? ಶ್ರೀಮಂತ ಚೆರೋಕಿ ಮನೆತನಗಳು ಕಪ್ಪು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದವು, ಆ ಗುಲಾಮರೂ ಕಣ್ಣೀರಿನ ಹಾದಿಯಲ್ಲಿ ನಡೆದರು. ಆ ಮಾತು ಫಲಕಗಳಲ್ಲಿ ಬರುತ್ತದೆಯೇ? ತನ್ನವರ ಕಷ್ಟದ ಜೊತೆಗೆ ತನ್ನವರ ತಪ್ಪನ್ನೂ ಬರೆದಿಡುವ ಮ್ಯೂಸಿಯಮ್ಮಿಗೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ.

ಬುಟ್ಟಿಗಳ ಮುಂದೆ ಬಗ್ಗಿ ನೋಡಿ. ಹೊಳೆದಂಡೆಯ ಬಿದಿರಿನ ಜಾತಿಯ ರಿವರ್‌ಕೇನ್ ಸೀಳಿ, ಕಪ್ಪು ವಾಲ್‌ನಟ್‌ನಿಂದ ಕಂದು, ಬ್ಲಡ್‌ರೂಟ್ ಗೆಡ್ಡೆಯಿಂದ ಕೆಂಪು ಛಾಯೆಯ ಬಣ್ಣ ಹಾಕಿ ಹೆಣೆಯುತ್ತಾರೆ. ಜೋಡಿ ಹೆಣಿಗೆಯ ಬುಟ್ಟಿಯಾದರೆ ಒಳಗೊಂದು, ಹೊರಗೊಂದು, ಎರಡೂ ಬಾಯಂಚಿನಲ್ಲಿ ಮುರಿಯದೆ ಕೂಡುತ್ತವೆ. ಒಳಮೈಯನ್ನೂ ನೋಡದೆ ಮುಂದೆ ಹೋಗಬೇಡಿ. ಹೆಣೆದವರ ಹೆಸರು ಬರೆದಿದ್ದರೆ ಓದಿಕೊಳ್ಳಿ. ಅವರಲ್ಲಿ ಹಲವರು ಇಂದಿಗೂ ಹೆಣೆಯುತ್ತಿರುವವರು.

ಸಿನಿಮಾದಲ್ಲಿ ಕಂಡ ಗರಿಯ ಕಿರೀಟ, ಚರ್ಮದ ಡೇರೆಗಳನ್ನು ಹುಡುಕಬೇಡಿ. ಅವು ಬಯಲುಸೀಮೆಯ ಬೇರೆ ಜನಾಂಗಗಳವು. ಚೆರೋಕಿಗಳದು ಊರು, ಮನೆ, ಹೊಲ, ಸಭಾಭವನಗಳ ಬದುಕು. ಕೌಂಟರಿನಲ್ಲಿ ಇರುವವರೊಂದಿಗೆ ಮಾತಾಡುವಾಗ ‘ಇದ್ದರು, ಮಾಡುತ್ತಿದ್ದರು’ ಎಂದು ಭೂತಕಾಲದಲ್ಲೇ ಕೇಳಬೇಡಿ, ಎದುರಿಗಿರುವವರೇ ಆ ಜನ ಆಗಿರಬಹುದು. ಸರ್ಕಾರದ ಮನ್ನಣೆ ಪಡೆದ ಚೆರೋಕಿ ರಾಷ್ಟ್ರಗಳು ಇಂದು ಮೂರು: ಉತ್ತರ ಕರೋಲಿನಾದಲ್ಲೊಂದು, ಒಕ್ಲಹೋಮಾದಲ್ಲಿ ಎರಡು. ಯಾವುದಾದರೂ ವಸ್ತುವನ್ನು ತೋರಿಸುವುದಿಲ್ಲ, ಫೋಟೋ ತೆಗೆಯಬೇಡಿ ಎಂದರೆ ಒತ್ತಾಯ ಬೇಡ. ಗರ್ಭಗುಡಿಯ ಮುಂದೆ ಮೊಬೈಲು ಒಳಗಿಡುವ ನಮಗೆ ಅದು ಕಷ್ಟವಾಗಬಾರದು.

ಬೆಂಬಲದ ಮಾತು ಕೊನೆಗೆ, ಆದರೆ ಅದೇ ಮುಖ್ಯ. ಇಂಥ ಸಂಸ್ಥೆ ಬದುಕುವುದು ಸಣ್ಣ ಮೊತ್ತಗಳಿಂದ: ಟಿಕೆಟ್ಟು, ಅಂಗಡಿಯ ವ್ಯಾಪಾರ, ದೇಣಿಗೆ. ಹೆದ್ದಾರಿಯ ಅಂಗಡಿಗಳ ಪ್ಲಾಸ್ಟಿಕ್ ಬಾಣ-ಬಿಲ್ಲು ಬಿಟ್ಟು ಪುಸ್ತಕವನ್ನೋ ಕೈಕೆಲಸವನ್ನೋ ಮ್ಯೂಸಿಯಮ್ಮಿನಲ್ಲೇ ಕೊಳ್ಳಿ. ಬುಟ್ಟಿ, ಮಡಕೆ ಬೇಕಿದ್ದರೆ ಉತ್ತರ ಕರೋಲಿನಾದ ಚೆರೋಕಿ ಎಂಬ ಊರಿನಲ್ಲಿ ಕ್ವಾಲಾ ಕಲಾವಿದರ ಸಹಕಾರ ಸಂಘವಿದೆ, 1946ರಿಂದ ನಡೆಯುತ್ತಿದೆ. ಮಾಡಿದವರು ಯಾರೆಂದು ಕೇಳಲು ಸಂಕೋಚ ಬೇಡ. ಬೇರೆಯವರು ಮಾಡಿದ್ದನ್ನು ಮೂಲನಿವಾಸಿಗಳ ಕೆಲಸವೆಂದು ಮಾರುವುದು 1990ರ ಕಾನೂನಿನ ಪ್ರಕಾರ ಅಪರಾಧ. ಬೆಲೆ ಹೆಚ್ಚೆನಿಸಿದರೆ ಚೌಕಾಸಿ ಮಾಡದೆ ಚಿಕ್ಕದೊಂದನ್ನು ಕೊಳ್ಳಿ. ಕನ್ನಡ ಕೂಟಗಳು ರಾಜ್ಯೋತ್ಸವಕ್ಕೆ ಊರಿನಿಂದ ಅತಿಥಿಗಳನ್ನು ಕರೆಸುತ್ತವೆ. ಒಂದು ವರ್ಷ ಅದೇ ವೇದಿಕೆಗೆ ಚೆರೋಕಿ ಭಾಷೆ ಕಲಿಸುವವರೊಬ್ಬರನ್ನೂ ಗೌರವಧನ ಕೊಟ್ಟು ಕರೆಯಿರಿ. ಭಾಷೆ ಉಳಿಸುವ ಚಿಂತೆ ಇಬ್ಬರಿಗೂ ಇದೆ, ಅವರದು ನಮ್ಮದಕ್ಕಿಂತ ಎಷ್ಟೋ ತೀವ್ರ.

ಹೊರಡುವ ಮುನ್ನ ತೆರೆದಿರುವ ದಿನ, ಹೊತ್ತು ವಿಚಾರಿಸಿಕೊಳ್ಳಿ. ಅರ್ಧ ದಿನ ಇಟ್ಟುಕೊಳ್ಳಿ. ಚೋಟಾದ ಸಭಾಭವನವಿದ್ದ ಜಾಗವನ್ನು ಮಣ್ಣು ತುಂಬಿ ಎತ್ತರಿಸಿ ಎಂಟು ಕಂಬ ನಿಲ್ಲಿಸಿದ್ದಾರೆ, ಏಳು ಕುಲಗಳಿಗೆ ಏಳು, ರಾಷ್ಟ್ರಕ್ಕೊಂದು. ಮ್ಯೂಸಿಯಮ್ಮಿನಲ್ಲಿ ದಾರಿ ಕೇಳಿಕೊಂಡು ಅಲ್ಲಿಗೂ ಹೋಗಿಬನ್ನಿ.