ಕತೆಯಿಲ್ಲದ ದೇವರುಗಳು

ನಾರ್ಸ್ ಪುರಾಣವೆಂದರೆ ನಮಗೆ ಓಡಿನ್, ಥಾರ್, ಲೋಕಿ. ಉಳಿದವರನ್ನೆಲ್ಲ ‘ಕಿರುದೇವತೆಗಳು’ ಎಂದು ಒಂದೇ ಗಂಟು ಕಟ್ಟಿ ಪಕ್ಕಕ್ಕಿಡುತ್ತೇವೆ. ಇವರು ಕಿರಿಯರೆಂದು ಅಳೆದವರು ಯಾರು?

ಈ ಪುರಾಣದ ಬಹುಪಾಲು ನಮಗೆ ಬಂದಿರುವುದು ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ ಸುಮಾರು 1220ರಲ್ಲಿ ಬರೆದ ಗದ್ಯ ‘ಎಡ್ಡಾ’ದ ಮೂಲಕ. ಅಷ್ಟು ಹೊತ್ತಿಗೆ ಅವನ ನಾಡು ಕ್ರೈಸ್ತವಾಗಿ ಎರಡು ಶತಮಾನ ಕಳೆದಿತ್ತು. ಸ್ನೋರಿ ಬರೆದದ್ದು ಪೂಜಾವಿಧಿಯನ್ನಲ್ಲ, ಕವಿಗಳಿಗೆ ಕೈಪಿಡಿಯನ್ನು. ಹಳೆಯ ಪದ್ಯಗಳ ಒಗಟಿನಂಥ ರೂಪಕಗಳನ್ನು ಬಿಡಿಸಲು ಅವನಿಗೆ ಕತೆಗಳು ಬೇಕಿದ್ದವು. ಹೀಗಾಗಿ ಕತೆಯುಳ್ಳ ದೇವರು ದೊಡ್ಡವನಾದ, ಇಲ್ಲದವನು ಚಿಕ್ಕವನಾದ.

ಉಲ್ ಎಂಬ ದೇವರನ್ನೇ ನೋಡಿ. ಥಾರನ ಮಲಮಗ, ಒಳ್ಳೆಯ ಬಿಲ್ಲುಗಾರ, ಹಿಮದಲ್ಲಿ ಸ್ಕೀ ಮಾಡುವುದರಲ್ಲಿ ನಿಪುಣ. ಸ್ನೋರಿ ಅವನಿಗೆ ಕೊಟ್ಟದ್ದು ಕೆಲವೇ ಸಾಲು. ಆದರೆ ಸ್ವೀಡನ್, ನಾರ್ವೆಗಳ ಎಷ್ಟೋ ಊರುಗಳ ಹೆಸರಿನಲ್ಲಿ ಉಲ್ ಇದ್ದಾನೆ. ಸ್ವೀಡನ್ನಿನ ಲಿಲ್ಲಾ ಉಲ್ಲೆವಿಯಲ್ಲಿ ನೆಲ ಅಗೆದಾಗ ಪೂಜಾಸ್ಥಳದ ಕಲ್ಲಿನ ಕಟ್ಟೆಯೂ ಬಳೆಯಂಥ ತಾಯಿತಗಳೂ ಸಿಕ್ಕವು. ಪುಸ್ತಕ ಮರೆತವನನ್ನು ನೆಲ ಮರೆತಿರಲಿಲ್ಲ.

ಎಲ್ಫ್‌ಗಳ ಪಾಡೂ ಇದೇ. ಹಳೆಯ ಪದ್ಯಗಳು ದೇವರನ್ನೂ ಎಲ್ಫ್‌ಗಳನ್ನೂ ಒಂದೇ ಉಸಿರಿನಲ್ಲಿ ಜೋಡಿಯಾಗಿ ಕರೆಯುತ್ತವೆ. ಸ್ನೋರಿ ಮಾತ್ರ ಅವರನ್ನು ಸೂರ್ಯನಿಗಿಂತ ಚೆಲುವಾದ ಬೆಳಕಿನವರು, ಡಾಂಬರಿಗಿಂತ ಕಪ್ಪಾದ ಕತ್ತಲಿನವರು ಎಂದು ಎರಡು ಪಾಲು ಮಾಡುತ್ತಾನೆ. ಈ ವಿಂಗಡಣೆಯ ಹಿಂದೆ ಕ್ರೈಸ್ತರ ದೇವದೂತರು ಮತ್ತು ಪಿಶಾಚಿಗಳ ನೆರಳಿದೆ ಎಂದು ಅನೇಕ ವಿದ್ವಾಂಸರು ಶಂಕಿಸುತ್ತಾರೆ. ಜನರ ನಡವಳಿಕೆಯಲ್ಲಿ ಇಂಥ ಅಚ್ಚುಕಟ್ಟು ಕಾಣುವುದಿಲ್ಲ. ‘ಕೊರ್ಮಾಕನ ಸಾಗಾ’ದಲ್ಲಿ ಗಾಯ ವಾಸಿಯಾಗದವನೊಬ್ಬನಿಗೆ ಸಿಗುವ ಸಲಹೆ ಇದು: ಎಲ್ಫ್‌ಗಳಿರುವ ದಿಬ್ಬಕ್ಕೆ ಹೋರಿಯ ರಕ್ತ ಬಳಿ, ಮಾಂಸದ ಎಡೆ ಇಡು.

ಸುಮಾರು 1018ರಲ್ಲಿ ನಾರ್ವೆಯ ರಾಜನ ದೂತನಾಗಿ ಸ್ವೀಡನ್ನಿಗೆ ಹೊರಟ ಸಿಗ್ವಾತ್ ಎಂಬ ಕವಿ ಒಂದು ಮನೆಯ ಬಾಗಿಲಲ್ಲಿ ತಂಗಲು ಜಾಗ ಕೇಳಿದ. ಒಳಗೆ ಎಲ್ಫ್‌ಗಳಿಗೆ ಬಲಿ ನಡೆದಿದೆ ಎಂದು ಆ ಮನೆಯ ಹೆಂಗಸು ಅವನನ್ನು ಅಟ್ಟಿದಳು. ಸಿಟ್ಟಾದ ಅವನು ಅದನ್ನೇ ಪದ್ಯವಾಗಿಸಿದ. ಆ ಪೂಜೆ ಇತ್ತೆಂಬುದಕ್ಕೆ ನಮಗಿರುವ ಅತಿ ಮುಖ್ಯ ಸಾಕ್ಷಿ, ಒಳಗೆ ಕಾಲಿಡಲಾಗದ ಈ ಕ್ರೈಸ್ತ ಕವಿಯ ದೂರು. ಯಾರು ಬಲಿ ಕೊಟ್ಟರು, ಏನು ಬೇಡಿಕೊಂಡರು ಎಂಬುದು ಅವನಿಗೂ ಕಾಣಲಿಲ್ಲ.

ಸ್ನೋರಿಯ ಉಪಕಾರ ದೊಡ್ಡದು. ಅವನಿಲ್ಲದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ಆದರೆ ಅವನ ಪುಸ್ತಕವನ್ನು ಜನರ ನಂಬಿಕೆಯ ಪಟ್ಟಿ ಎಂದು ಓದಿದರೆ, ಕಾಯಿಲೆ ಬಿದ್ದಾಗ ಆ ಜನ ಯಾರ ಬಳಿ ಹೋದರೋ ಅವರನ್ನೇ ನಾವು ಕಿರಿಯರೆಂದು ಕರೆದಂತಾಗುತ್ತದೆ.