ಇಬ್ಬನಿಯ ಪ್ರೇಮ, ಬಿಸಿಲಿನ ಓದುಗರು

ವಾರಪತ್ರಿಕೆಗಳ ಪ್ರೇಮ ಧಾರಾವಾಹಿಗಳ ಮೇಲೆ ಕನ್ನಡ ವಿಮರ್ಶೆ ಹೊರಿಸುತ್ತ ಬಂದ ಆರೋಪ ಒಂದೇ: ಅವು ತೀರಾ ಹಗುರ. ‘ಅಡುಗೆಮನೆ ಸಾಹಿತ್ಯ’ ಎಂಬ ಕುಹಕವೂ ಇದೇ ಮನೋಭಾವದ್ದು. ನನ್ನ ತಕರಾರು ಇದಕ್ಕೆ ತದ್ವಿರುದ್ಧ. ಅವು ಬೇಕಾದಷ್ಟು ಹಗುರಾಗಲೇ ಇಲ್ಲ. ಹದಿಹರೆಯದ ಪ್ರೀತಿಯ ತಲೆಯ ಮೇಲೆ ಆಸ್ತಿ, ಮದುವೆ, ತ್ಯಾಗಗಳನ್ನು ಹೇರಿದವು. ಆ ಪ್ರೀತಿ ನಡೆಯುವ ಜಾಗವನ್ನೂ ಒಂದೇ ಸೀಮೆಗೆ ಬರೆದುಕೊಟ್ಟವು. ಈ ಎರಡನೆಯ ಸಂಗತಿ ಬೆಂಗಳೂರಿನಲ್ಲಿ ಕೂತವರ ಕಣ್ಣಿಗೆ ಬೀಳದಿರಬಹುದು. ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯ ಮಲ್ಲಟದಲ್ಲೋ ದೇವದುರ್ಗದಲ್ಲೋ ಕೂತು ಓದಿದವರಿಗೆ ಮೊದಲ ಪುಟದಲ್ಲೇ ತಿಳಿಯುತ್ತದೆ.

‘ಸುಧಾ’ ಶುರುವಾದದ್ದು 1965ರಲ್ಲಿ, ‘ತರಂಗ’ 1983ರಲ್ಲಿ. ಈ ಎರಡರ ನಡುವಿನ ಮತ್ತು ಆಮೇಲಿನ ಕೆಲವು ವರ್ಷಗಳೇ ಧಾರಾವಾಹಿಯ ಸುಗ್ಗಿಕಾಲ. ಆಗ ಬಂದ ಕಾದಂಬರಿಗಳ, ಅವುಗಳಿಂದಾದ ಸಿನಿಮಾಗಳ ಹೆಸರು ನೋಡಿ: ಸಾಯಿಸುತೆಯವರ ‘ಇಬ್ಬನಿ ಕರಗಿತು’, ‘ಬಾಡದ ಹೂ’, ‘ಶ್ವೇತ ಗುಲಾಬಿ’. ಅದಕ್ಕೂ ಹಿಂದೆ ತ್ರಿವೇಣಿಯವರ ‘ಬೆಳ್ಳಿಮೋಡ’. ಹೆಸರಿನಲ್ಲೇ ಹವಾಮಾನ ವರದಿಯಿದೆ. ರಾಯಚೂರಿನಲ್ಲಿ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟಿದರೆ ಅದು ಸುದ್ದಿಯೇ ಅಲ್ಲ; ಇಲ್ಲಿ ಇಬ್ಬನಿ ಕರಗುವುದಕ್ಕೆ ಮೊದಲು ಬೀಳಬೇಕಲ್ಲ!

‘ಬೆಳ್ಳಿಮೋಡ’ವನ್ನೇ ತೆಗೆದುಕೊಳ್ಳಿ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ತೆರೆಗೆ ತಂದ ಮೇಲೆ ಕಲ್ಪನಾ ಮನೆಮಾತಾದರು, ಮಲೆನಾಡಿನ ಬೆಟ್ಟವೂ ಕನ್ನಡ ಪ್ರೇಮದ ಅಧಿಕೃತ ವಿಳಾಸವಾಯಿತು. ಕಥೆಯ ಒಳಗೆ ಇರುವುದೇನು? ಇಂದಿರೆಯ ತಂದೆಯ ದುಡ್ಡಿನಲ್ಲಿ ಪರದೇಶಕ್ಕೆ ಓದಲು ಹೋದ ಮೋಹನ, ಅವಳಿಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿತೆಂದು ತಿಳಿದ ಕೂಡಲೇ ಮನಸ್ಸು ಬದಲಿಸುತ್ತಾನೆ. ಕಾಲು ಮುರಿದುಕೊಂಡು ಬಿದ್ದಾಗ ಆರೈಕೆ ಮಾಡಿದವಳನ್ನು ಮತ್ತೆ ಬಯಸುತ್ತಾನೆ. ಆಗ ಅವಳು ಒಲ್ಲೆ ಎನ್ನುತ್ತಾಳೆ. ಇದರಲ್ಲಿ ಹಗುರವಾದದ್ದು ಮೋಡ ಮಾತ್ರ. ತ್ರಿವೇಣಿ ಪ್ರೀತಿಯ ಹಿಂದಿನ ಲೆಕ್ಕಪತ್ರವನ್ನು ಬಿಚ್ಚಿಟ್ಟವರು. ಆ ನಿರಾಕರಣೆಯ ಬಿಸಿ ಇನ್ನೂ ಆರಿಲ್ಲ. ತೊಂದರೆ ಮಾಡಿದ್ದು ಅವರ ನಂತರ ಬಂದವರು. ಮಂಜನ್ನೂ ಎಸ್ಟೇಟಿನ ಬಂಗಲೆಯನ್ನೂ ಉಳಿಸಿಕೊಂಡರು, ಲೆಕ್ಕಪತ್ರವನ್ನು ಬಿಟ್ಟುಬಿಟ್ಟರು. ನಿರಾಕರಿಸುವ ಇಂದಿರೆಯ ಜಾಗಕ್ಕೆ ಸಹಿಸಿಕೊಳ್ಳುವ ನಾಯಕಿ ಬಂದಳು.

ಇನ್ನು ಓದುಗರ ಮಾತು. ನಮ್ಮ ಕಡೆ ಊರಿಗೆ ಬರುವ ವಾರಪತ್ರಿಕೆಯ ಒಂದು ಪ್ರತಿ ಹತ್ತು ಮನೆ ತಿರುಗುತ್ತಿತ್ತು. ಧಾರಾವಾಹಿಯ ಹಾಳೆಗಳನ್ನು ಕಿತ್ತು, ದಾರ ಹಾಕಿ ಹೊಲಿದು ಪುಸ್ತಕ ಮಾಡಿಟ್ಟುಕೊಳ್ಳುವವರಿದ್ದರು. ಇವರು ಓದುತ್ತಿದ್ದ ರೀತಿಯೇ ಒಂದು ವಿಮರ್ಶೆ. ಕಾಫಿ ತೋಟದ ವರ್ಣನೆ ಬಂದರೆ ಹಾರಿಸಿ ನೇರವಾಗಿ ಮಾತಿಗೆ ಹೋಗುವುದು. ನಾಯಕ, ನಾಯಕಿ ಒಬ್ಬರನ್ನೊಬ್ಬರು ಕಾಡಿಸುವ ಮೊದಲ ಕಂತುಗಳನ್ನು ಮತ್ತೆ ಮತ್ತೆ ಓದುವುದು. ಜಾತಕ, ಕಾಯಿಲೆ, ಅತ್ತೆಯ ಕಾಟ ಶುರುವಾದ ಮೇಲೆ ‘ಮುಂದೇನಾತು’ ಎಂದು ಕೇಳಿ ತಿಳಿದುಕೊಂಡರೆ ಸಾಕು. ನೆನಪಿನಲ್ಲಿ ಉಳಿದದ್ದು ಮೊದಲ ಕಂತುಗಳ ಆ ಚ್ಯಾಷ್ಟಿ, ಆ ಕೀಟಲೆಯೇ. ಲೇಖಕಿಯರು ಮುನ್ನುಡಿಯೆಂದು ಬರೆದದ್ದನ್ನು ಓದುಗರು ಕಥೆಯೆಂದೇ ಹಿಡಿದುಕೊಂಡರು. ಓದುಗರ ಪತ್ರಗಳಲ್ಲೂ ಇದ್ದ ಬೇಡಿಕೆ ಬಹುಪಾಲು ಇದೇ: ಇವರಿಬ್ಬರನ್ನು ಅಗಲಿಸಬೇಡಿ.

ತೆಲುಗಿನ ಗಡಿಯಲ್ಲಿರುವ ರಾಯಚೂರಿಗೆ ಮತ್ತೊಂದು ಬಾಗಿಲೂ ಇತ್ತು. ತೆಲುಗು ಕಾದಂಬರಿಕಾರ ಯಂಡಮೂರಿ ವೀರೇಂದ್ರನಾಥರ ಕೃತಿಗಳ ಕನ್ನಡ ಅನುವಾದಗಳನ್ನು ರಾಜ್ಯವೆಲ್ಲ ಓದಿತು. ತೆಲುಗು ಸಿನಿಮಾ ನೋಡಿಯೇ ಬೆಳೆದ ಇಲ್ಲಿಯವರಿಗೆ ಅವು ಪರಭಾಷೆಯವು ಎನಿಸಲೇ ಇಲ್ಲ. ಸುನೀಲ್‌ಕುಮಾರ್ ದೇಸಾಯಿ 1995ರಲ್ಲಿ ಸಿನಿಮಾ ಮಾಡಿದ ಯಂಡಮೂರಿಯವರ ‘ಬೆಳದಿಂಗಳ ಬಾಲೆ’ ನೋಡಿ. ಚದುರಂಗದ ಆಟಗಾರ ರೇವಂತನಿಗೆ ಫೋನಿನಲ್ಲೊಂದು ದನಿ. ‘ನಾನ್ಯಾರು ಹುಡುಕು’ ಎಂಬ ಸವಾಲು. ಇಡೀ ಕಥೆ ಆಟವಾಗಿಯೇ ಸಾಗುತ್ತದೆ. ಅಂಥದ್ದಕ್ಕೂ ಕೊನೆಯಲ್ಲಿ ಕಾಯಿಲೆ ತಂದಿಟ್ಟರೇ ಸಮಾಧಾನ! 2006ರ ‘ಮುಂಗಾರು ಮಳೆ’ಯೂ ಅಷ್ಟೇ. ಎರಡು ಗಂಟೆ ನಗಿಸಿದ ಗಣೇಶ್ ಕೊನೆಗೆ ಪ್ರೀತಿಯನ್ನು ಬಿಟ್ಟುಕೊಟ್ಟೇ ದೊಡ್ಡವನಾಗಬೇಕು, ಅದೂ ಮಡಿಕೇರಿಯ ಮಳೆಯಲ್ಲಿ.

ಹಗುರು ಅಂದರೆ ಏನೆಂದು ನೋಡಲು ಜಪಾನಿನ ಒಂದು ಮಾಂಗಾವನ್ನು, ಅಂದರೆ ಕಾಮಿಕ್ಸನ್ನು, ಎದುರಿಗಿಟ್ಟುಕೊಳ್ಳೋಣ. ಸೋಯಿಚಿರೊ ಯಮಾಮೊಟೊ 2013ರಿಂದ 2023ರವರೆಗೆ ಬರೆದ ಟಕಾಗಿ ಎಂಬ ಹುಡುಗಿಯ ಚಿತ್ರಕಥೆ 20 ಸಂಪುಟವಾಯಿತು. ಶಾಲೆಯ ಪಕ್ಕದ ಬೆಂಚಿನ ನಿಶಿಕಟಾನನ್ನು ಅವಳು ದಿನಾ ಕಾಡಿಸುತ್ತಾಳೆ. ತಿರುಗಿ ಕಾಡಿಸಬೇಕೆಂದು ಅವನು ಹೂಡುವ ಹೂಟಗಳೆಲ್ಲ ಕೈಕೊಡುತ್ತವೆ. ಅಷ್ಟೇ ಕಥೆ. ಖಳನಿಲ್ಲ, ಕಾಯಿಲೆಯಿಲ್ಲ, ಅಂತಸ್ತಿನ ಪ್ರಶ್ನೆಯಿಲ್ಲ. 2022ರಲ್ಲಿ ಬಂದ ಅದರ ಆನಿಮೇಷನ್ ಸಿನಿಮಾದ ವಸ್ತು ಒಂದು ಬೇಸಿಗೆ ರಜೆ. ನಮಗೆ ಮುಖ್ಯವಾಗಬೇಕಾದದ್ದು ಬೇರೆ: ಇದು ನಡೆಯುವುದು ಟೋಕಿಯೋದಲ್ಲಲ್ಲ, ಲೇಖಕನ ಸ್ವಂತ ಊರು ಶೋಡೊಶಿಮಾ ಎಂಬ ಸಣ್ಣ ದ್ವೀಪದಲ್ಲಿ. ಅಲ್ಲಿಯ ರಸ್ತೆ, ಗುಡಿ, ಕಡಲತೀರ ಇದ್ದ ಹಾಗೇ ಚಿತ್ರದೊಳಗೆ ಬಂದಿವೆ, ಅವನ್ನು ಹುಡುಕಿಕೊಂಡು ಓದುಗರು ದೋಣಿ ಹತ್ತಿ ಹೋಗುತ್ತಾರೆ. ಮಾನ್ವಿಯ ಬಸ್‌ಸ್ಟ್ಯಾಂಡನ್ನು ಹುಡುಕಿಕೊಂಡು ಯಾವ ಕನ್ನಡ ಓದುಗ ಬಂದಾನು? ಅದು ನಮ್ಮ ಯಾವ ಪ್ರೇಮಕಥೆಯಲ್ಲಿದೆ?

ಬಾಲ್ಯವಿವಾಹ ಇನ್ನೂ ತೊಲಗದ ಸೀಮೆಯಲ್ಲಿ ಹಗುರ ಪ್ರೇಮದ ಮಾತು ಶೋಕಿಯಲ್ಲವೇ ಎಂದು ಕೇಳುವವರಿದ್ದಾರೆ. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರದು; ಹತ್ತನೆಯ ಪರೀಕ್ಷೆ ಮುಗಿಸಿದ ಹುಡುಗಿಗೆ ವರ ನೋಡುವ ಮನೆಗಳು ಇನ್ನೂ ಇವೆ. ಇಲ್ಲಿ ಬೇಸಿಗೆಯೆಂದರೆ ಮದುವೆಯ ಕಾಲ, ಕೂಲಿ ಅರಸಿ ಗುಳೆ ಹೋಗುವ ಕಾಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆಭಾಗಕ್ಕೆ ಮುಟ್ಟಿತೋ ಇಲ್ಲವೋ ಎಂಬುದರ ಮೇಲೆ ಮನೆಯವರ ಮುಖಚರ್ಯೆ ನಿಂತಿರುತ್ತದೆ. ಇದೆಲ್ಲ ನಿಜ. ಆದ್ದರಿಂದಲೇ ಮದುವೆಗೆ ಹೋಗಿ ಮುಟ್ಟದ ಪ್ರೀತಿಯ ಕಥೆ ಈ ಹುಡುಗಿಗೆ ಬೇಕು. ಹುಡುಗನೊಂದಿಗೆ ಮಾತಾಡಿ ನಕ್ಕರೆ ಅದಕ್ಕೊಂದು ತಾಳಿಯೋ ಸಾವೋ ತೀರ್ಪಾಗಿ ಬರಲೇಬೇಕು ಎಂದು ನಮ್ಮ ಧಾರಾವಾಹಿಗಳು ಕಲಿಸಿದವು; ಮನೆಯ ಹಿರಿಯರ ಭಯವೂ ಅದೇ ಪಾಠ ಹೇಳುತ್ತದೆ. ಎರಡರ ನಡುವೆ ಫರಕೆಲ್ಲಿ?

ಈ ನೆಲಕ್ಕೆ ಸರಸ ಗೊತ್ತಿಲ್ಲ ಎನ್ನುವಂತೆಯೂ ಇಲ್ಲ. ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಗಂಡಿನ ಪರದ ಹರದೇಶಿ, ಹೆಣ್ಣಿನ ಪರದ ನಾಗೇಶಿಯವರು ರಾತ್ರಿಯಿಡೀ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಸವಾಲು ಎಸೆದಾಡುತ್ತಾರೆ. ಟಕಾಗಿಯ ಆಟ ಇದಕ್ಕಿಂತ ದೂರದ್ದಲ್ಲ. ಕನ್ನಡಕ್ಕೆ ಗಜಲ್ ತಂದ ಶಾಂತರಸರು ರಾಯಚೂರು ಜಿಲ್ಲೆಯ ಹೆಂಬೆರಾಳದವರು. ಉರ್ದುವಿನ ನಯವನ್ನು ಅವರು ಪುಸ್ತಕದಿಂದ ತಂದದ್ದಲ್ಲ, 1948ರವರೆಗೆ ನಿಜಾಮನ ಆಡಳಿತದಲ್ಲಿದ್ದ ಈ ಸೀಮೆಯ ಬೀದಿಯಿಂದ ತಂದದ್ದು. ಇಂಥ ಭಾಷೆಯನ್ನು ಜನಪ್ರಿಯ ಕಥೆ, ಸಿನಿಮಾಗಳು ಕರೆದದ್ದು ಬಹುಮಟ್ಟಿಗೆ ಹಾಸ್ಯಪಾತ್ರಕ್ಕೆ. ರಾಯಚೂರು ಕನ್ನಡದಲ್ಲಿ ಪ್ರೀತಿ ಹೇಳಿಕೊಂಡ ನಾಯಕನನ್ನು ನೆನಪಿಸಿಕೊಳ್ಳಲು ನಾನು ಒದ್ದಾಡಬೇಕಾಗುತ್ತದೆ.

ಈಗ ಧಾರಾವಾಹಿ ಮೊಬೈಲಿಗೆ ಬಂದಿದೆ. ಬೆಂಗಳೂರಿನಲ್ಲಿ 2014ರಲ್ಲಿ ಹುಟ್ಟಿದ ‘ಪ್ರತಿಲಿಪಿ’ ಎಂಬ ಆ್ಯಪಿನಲ್ಲಿ ಊರೂರಿನ ಹೆಣ್ಣುಮಕ್ಕಳು ಬರೆಯುತ್ತಿದ್ದಾರೆ, ಓದುತ್ತಿದ್ದಾರೆ. ವಾರಗಟ್ಟಲೆ ಕಾಯುವ ಪತ್ರದ ಬದಲು ಕಂತಿನ ಕೆಳಗೇ ಪ್ರತಿಕ್ರಿಯೆ. ಬರೆಯುವ ಹಕ್ಕು ಇಷ್ಟು ಅಗ್ಗವಾದದ್ದು ದೊಡ್ಡ ಸಂಗತಿ. ಕಥೆಗಳು ಮಾತ್ರ ನಿರಾಶೆ ತರುತ್ತವೆ: ಎಸ್ಟೇಟಿನ ಯಜಮಾನನ ಜಾಗಕ್ಕೆ ಕಂಪನಿಯ ಕೋಟ್ಯಧಿಪತಿ, ಜಾತಕದ ಜಾಗಕ್ಕೆ ಒಪ್ಪಂದದ ಮದುವೆ.

ವಾರಪತ್ರಿಕೆಗಳ ಸಂಪಾದಕರಲ್ಲಿ ಒಂದು ವಿನಂತಿ. ಮುಂದಿನ ಯುಗಾದಿಯ ಹೊತ್ತಿಗೆ ಮಲ್ಲಟದಂಥ ಊರಿನ ಹುಡುಗಿಯೊಬ್ಬಳ ಬೇಸಿಗೆ ರಜೆಗೆ ನಾಲ್ಕು ಕಂತಿನ ಜಾಗ ಬಿಟ್ಟುಕೊಡಿ. ಅವಳ ಮಾತನ್ನು ತಿದ್ದಬೇಡಿ, ಕೊನೆಯ ಕಂತಿನಲ್ಲಿ ಮದುವೆ ಮಾಡಿಸಬೇಡಿ.